ಫರ್ನೇಸ್ ಕೆಟ್ಟಿದೆ ಅಂತ ತೀರ್ಮಾನ ಮಾಡೋರು ಯಾರು?

ಜನವರಿಯ ಒಂದು ಬೆಳಿಗ್ಗೆ ಎಂಟು ಗಂಟೆಗೆ ವಿಡಿಯೊ ಕಾಲ್ ಬಂತು. ನನ್ನ ಇಂಜಿನಿಯರಿಂಗ್ ಕಾಲದ ಗೆಳೆಯ. ಅವನು ಓದಿದ್ದು ಕಂಪ್ಯೂಟರ್ ಸೈನ್ಸ್, ನಾನು ಮೆಕ್ಯಾನಿಕಲ್. ಅವನೀಗ ಚಿಕಾಗೊದ ಹೊರವಲಯದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದಾನೆ, ನಾನು ಇಲ್ಲಿ ಬೆಂಗಳೂರಲ್ಲಿ ಕೂತು ಅಂಕಣ ಬರೀತಿದೀನಿ. ಅಲ್ಲಿ ಆಗ ರಾತ್ರಿ ಎಂಟೂವರೆ. ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ.

"ನೀನು ಮೆಕ್ಯಾನಿಕಲ್ ಅಲ್ವೇನೋ, ಇದನ್ನ ಸ್ವಲ್ಪ ನೋಡಿ ಹೇಳು" ಅಂತ ಫೋನನ್ನು ನೆಲಮಾಳಿಗೆಯ ಫರ್ನೇಸ್ ಕಡೆ ತಿರುಗಿಸಿದ. ಥರ್ಮೋಡೈನಾಮಿಕ್ಸನ್ನು ಎರಡನೇ ಅಟೆಂಪ್ಟ್‌ನಲ್ಲಿ ಪಾಸ್ ಮಾಡಿದವನು ನಾನು, ಅದು ಅವನಿಗೂ ಗೊತ್ತು. ಆದರೂ ನೋಡಿದೆ. ಸಣ್ಣ ಗಾಜಿನ ಕಿಂಡಿಯಲ್ಲಿ ಕಾಣ್ತಿದ್ದ ಉರಿ ನೀಲಿ ಇರಲಿಲ್ಲ. ಹಳದಿ, ಅದೂ ಓಲಾಡುತ್ತಿದ್ದ ಹಳದಿ. ತಗಡಿನ ಪೆಟ್ಟಿಗೆಯ ಅಂಚಿನಲ್ಲಿ ಮಸಿ. ಎರಡು ದಿನದಿಂದ ಹೆಂಡತಿಗೆ ತಲೆನೋವು, ಮಗಳಿಗೆ ವಾಂತಿ. "ಫ್ಲೂ ಇರಬೇಕು. ಮಧ್ಯಾಹ್ನ ಅಂಗಡಿಗೆ ಹೋದಾಗ ಇಬ್ರೂ ಸರಿ ಇದ್ರು, ಮನೆಗೆ ಬಂದ್ಮೇಲೆ ಮತ್ತೆ ಶುರು" ಅಂದ.

"ಗೋಡೆ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ವಾ?" ಅಂದೆ. ಇತ್ತು. ಎರಡು ತಿಂಗಳಿಂದ ಆಗಾಗ ಚಿಕ್ ಅಂತ ಶಬ್ದ ಮಾಡ್ತಿತ್ತು ಅಂತ ಬ್ಯಾಟರಿ ತೆಗೆದಿಟ್ಟಿದ್ದ.

ಮನೆ ಮಾಲೀಕರಿಗೆ ಆ ದಿನ ಬೆಳಿಗ್ಗೆಯೇ ಮೆಸೇಜ್ ಹಾಕಿದ್ದನಂತೆ. "ಫಿಲ್ಟರ್ ಬದಲಿಸಿ, ಸೋಮವಾರ ಯಾರನ್ನಾದರೂ ಕಳಿಸ್ತೀನಿ" ಅಂತ ಉತ್ತರ ಬಂದಿತ್ತು. ಅವತ್ತು ಶುಕ್ರವಾರ. ಗೆಳೆಯ ನನ್ನನ್ನು ಕೇಳಿದ ಪ್ರಶ್ನೆ ಇಷ್ಟೇ: "ಇದು ಸೋಮವಾರದವರೆಗೆ ಕಾಯೋ ವಿಷಯನಾ, ಅಥವಾ ಈಗಲೇ ಕರೆಸಬೇಕಾ?"

ಕೇಳೋಕೆ ಇದು ತಾಂತ್ರಿಕ ಪ್ರಶ್ನೆ. ಅದಕ್ಕೆ ತಾಂತ್ರಿಕ ಉತ್ತರವೂ ಇದೆ, ಕೆಳಗೆ ಕೊಡ್ತೀನಿ. ಆದರೆ ಆಮೇಲೆ ಯೋಚಿಸಿದಷ್ಟೂ ನನಗೆ ಅನ್ನಿಸಿದ್ದು ಬೇರೆ. ಯಂತ್ರ ಒಬ್ಬರದ್ದು, ಅದರ ಗಾಳಿ ಉಸಿರಾಡೋರು ಇನ್ನೊಬ್ಬರು, ರಿಪೇರಿ ಯಾವಾಗ ಅಂತ ತೀರ್ಮಾನಿಸೋರು ಮತ್ತೊಬ್ಬರು ಆದಾಗ, 'ತುರ್ತು' ಅನ್ನೋ ಪದದ ಅರ್ಥವೇ ರಾಜಕೀಯ ಆಗಿಬಿಡುತ್ತೆ.

ಒಂದು ತಗಡಿನ ಗೋಡೆ

ನಮ್ಮಲ್ಲಿ ಫರ್ನೇಸ್ ಅಂದರೆ ಕಬ್ಬಿಣ ಕರಗಿಸೋ ಕುಲುಮೆ ನೆನಪಾಗುತ್ತೆ. ಉತ್ತರ ಅಮೆರಿಕದಲ್ಲಿ ಅದು ಮನೆ ಬೆಚ್ಚಗಿಡೋ ಯಂತ್ರ. ಅಮೆರಿಕದ ಸುಮಾರು ಅರ್ಧದಷ್ಟು ಮನೆಗಳು ಬೆಚ್ಚಗಾಗೋದು ನೈಸರ್ಗಿಕ ಅನಿಲದಿಂದ, ಅದರಲ್ಲಿ ಹೆಚ್ಚಿನವು ಫರ್ನೇಸ್ ಮೂಲಕವೇ.

ಕೆಲಸ ಮಾಡೋ ರೀತಿ ಸರಳ. ಥರ್ಮೋಸ್ಟಾಟ್ 'ಚಳಿ ಆಯ್ತು' ಅಂತ ಹೇಳುತ್ತೆ. ಮೊದಲು ಒಂದು ಸಣ್ಣ ಫ್ಯಾನ್ ಹೊಗೆ ಹೊರಹೋಗುವ ದಾರಿಯಲ್ಲಿ ಗಾಳಿ ಎಳೆಯುತ್ತೆ. ಆ ಎಳೆತ ಸರಿಯಾಗಿದೆ ಅಂತ ಒಂದು ಸ್ವಿಚ್ ಒಪ್ಪಿಕೊಂಡರೆ ಮಾತ್ರ ಗ್ಯಾಸ್ ವಾಲ್ವ್ ತೆರೆಯುತ್ತೆ. ಉರಿ ಹತ್ತಿದೆ ಅಂತ ಸೆನ್ಸರ್ ಖಾತ್ರಿ ಮಾಡದಿದ್ದರೆ ಕೆಲವೇ ಸೆಕೆಂಡಲ್ಲಿ ಗ್ಯಾಸ್ ಬಂದ್. ಎಲ್ಲ ಸರಿ ಇದ್ದರೆ ದೊಡ್ಡ ಬ್ಲೋಯರ್ ಶುರುವಾಗಿ ಬಿಸಿಗಾಳಿಯನ್ನು ಕೋಣೆ ಕೋಣೆಗೆ ತಳ್ಳುತ್ತೆ.

ಇಲ್ಲಿ ಗಮನಿಸಬೇಕಾದ್ದು ಒಂದೇ ಭಾಗ: ಹೀಟ್ ಎಕ್ಸ್‌ಚೇಂಜರ್. ಅದರ ಒಳಗೆ ಉರಿ ಮತ್ತು ಹೊಗೆ, ಹೊರಗೆ ನೀವು ಉಸಿರಾಡೋ ಗಾಳಿ. ಎರಡರ ಮಧ್ಯೆ ತೆಳುವಾದ ಲೋಹದ ಗೋಡೆ. ಹದಿನೈದು ಇಪ್ಪತ್ತು ಚಳಿಗಾಲ ಕಾದು, ಆರಿ, ಹಿಗ್ಗಿ, ಕುಗ್ಗಿ ಅದು ಬಿರುಕು ಬಿಡಬಹುದು. ಬಿರುಕು ಬಿಟ್ಟ ದಿನ ಯಂತ್ರ ನಿಲ್ಲಲ್ಲ. ಮನೆ ಮೊದಲಿನಷ್ಟೇ ಬೆಚ್ಚಗಿರುತ್ತೆ. ಹಾಗಾಗಿಯೇ ಅದು ಅಪಾಯ. ಪೂರ್ತಿ ನಿಂತ ಫರ್ನೇಸ್ ನಿಮ್ಮನ್ನು ನಡುಗಿಸಿ ಎಬ್ಬಿಸುತ್ತೆ, ಅರ್ಧ ಕೆಟ್ಟ ಫರ್ನೇಸ್ ಬೆಚ್ಚಗೆ ಮಲಗಿಸುತ್ತೆ.

ಗ್ಯಾಸ್‌ಗೆ ಸಾಕಷ್ಟು ಆಮ್ಲಜನಕ ಸಿಗದೆ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತೆ. ಬೆಂಕಿ ಅನಾಹುತಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಆಕಸ್ಮಿಕವಾಗಿ ಈ ಅನಿಲಕ್ಕೆ ಬಲಿಯಾಗ್ತಾರೆ, 1 ಲಕ್ಷಕ್ಕೂ ಹೆಚ್ಚು ಜನ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗ್ತಾರೆ ಅಂತ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳುತ್ತೆ. ಇದಕ್ಕೆಲ್ಲ ಫರ್ನೇಸ್ ಒಂದೇ ಕಾರಣ ಅಲ್ಲ. ಜನರೇಟರ್, ಕಾರು, ಇದ್ದಿಲ ಒಲೆ ಎಲ್ಲ ಸೇರಿದ ಲೆಕ್ಕ ಇದು.

ಯಾವುದು ಈ ಕ್ಷಣ, ಯಾವುದು ಇವತ್ತು, ಯಾವುದು ನಾಳೆ

ಮೂರು ಮೆಟ್ಟಿಲು ಅಂತ ಇಟ್ಕೊಳ್ಳಿ.

ಮೊದಲನೆಯದು, ಈ ಕ್ಷಣ ಮನೆ ಬಿಟ್ಟು ಹೊರಡಬೇಕಾದ ಲಕ್ಷಣಗಳು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗ್ಯಾಸ್ ಸೋರ್ತಿದೆ ಅಂತ ಅರ್ಥ. ಲೈಟ್ ಸ್ವಿಚ್ ಮುಟ್ಟೋದು ಬೇಡ, ಮನೆಯೊಳಗೆ ನಿಂತು ಫೋನ್ ಮಾಡೋದೂ ಬೇಡ. ಹೊರಗೆ ಹೋಗಿ ಫೋನ್ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ನಾಲ್ಕು ಸಲ ಬೀಪ್, ವಿರಾಮ, ಮತ್ತೆ ನಾಲ್ಕು ಸಲ ಬೀಪ್ ಅಂತ ಕೂಗಿದರೂ ಅಷ್ಟೇ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದನ್ನು ಫ್ಲೂ ಅಂದುಕೊಳ್ಳಬೇಡಿ. ಫ್ಲೂಗೆ ಜ್ವರ ಬರುತ್ತೆ, ಅಂಗಡಿಗೆ ಹೋದ ತಕ್ಷಣ ವಾಸಿ ಆಗಲ್ಲ. ಸಾಕುಪ್ರಾಣಿ ಮಂಕಾಗಿ ಬಿದ್ದಿದ್ದರೆ ಅದೂ ಸೂಚನೆಯೇ. ಹೊರಗೆ ಬಂದು 911ಕ್ಕೆ ಕರೆ ಮಾಡಬೇಕು.

ಎರಡನೆಯದು, ಫರ್ನೇಸನ್ನು ಆರಿಸಿ ಇವತ್ತೇ ಪರಿಣತರನ್ನು ಕರೆಸಬೇಕಾದ ಲಕ್ಷಣಗಳು. ಉರಿ ಸ್ಥಿರ ನೀಲಿ ಬಿಟ್ಟು ಹಳದಿ ಅಥವಾ ಕಿತ್ತಳೆ ಆಗೋದು. ಬ್ಲೋಯರ್ ಶುರುವಾದ ತಕ್ಷಣ ಉರಿ ಓಲಾಡೋದು. ಬ್ಲೋಯರ್‌ನ ಗಾಳಿ ಬಿರುಕಿನ ಮೂಲಕ ಒಳಗೆ ನುಗ್ತಿರಬಹುದು. ಪೆಟ್ಟಿಗೆಯ ಸುತ್ತ ಮಸಿ. ಹೊಗೆ ಕೊಳವೆಯಲ್ಲಿ ತುಕ್ಕು, ಕಳಚಿದ ಜೋಡಣೆ. ಹೊತ್ತಿಕೊಳ್ಳುವಾಗ ಧಡ್ ಅಂತ ಸಣ್ಣ ಸ್ಫೋಟದ ಸದ್ದು. ವೈರ್ ಸುಟ್ಟ ವಾಸನೆ. ಬ್ರೇಕರ್ ಮತ್ತೆ ಮತ್ತೆ ಬೀಳೋದು. ಹೊರಗೆ ಕೊರೆಯೋ ಚಳಿ ಇದ್ದು ಬಿಸಿ ಪೂರ್ತಿ ನಿಂತುಹೋದರೆ ಅದೂ ಇದೇ ಸಾಲಿಗೆ. ಮಕ್ಕಳು, ವಯಸ್ಸಾದವರು ಇದ್ದರಂತೂ ಸರಿಯೇ, ಯಾರೂ ಇಲ್ಲದಿದ್ದರೂ ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯುತ್ತೆ.

ಮೂರನೆಯದು, ಯಾರನ್ನೂ ಕರೆಸದೆ ನೀವೇ ನೋಡಬಹುದಾದ್ದು. ಫಿಲ್ಟರ್ ಕಟ್ಟಿಕೊಂಡಿದ್ದರೆ ಯಂತ್ರ ಬಿಸಿಯಾಗಿ, ಕೆಲವೇ ನಿಮಿಷಕ್ಕೆ ನಿಂತು, ಮತ್ತೆ ಶುರುವಾಗುತ್ತೆ. ಥರ್ಮೋಸ್ಟಾಟ್ ಬ್ಯಾಟರಿ ಮುಗಿದಿರಬಹುದು. ಫರ್ನೇಸ್ ಪಕ್ಕದ ಸ್ವಿಚ್ ಥೇಟ್ ಲೈಟ್ ಸ್ವಿಚ್ ತರಹ ಇರುತ್ತೆ, ಯಾರೋ ಲೈಟ್ ಅಂತ ಆರಿಸಿರಬಹುದು. ಹೊಸ ಮಾದರಿಯ ಫರ್ನೇಸ್‌ಗಳ ಪ್ಲಾಸ್ಟಿಕ್ ಕೊಳವೆ ಮನೆಯ ಪಕ್ಕದ ಗೋಡೆಯಿಂದ ಹೊರಗೆ ಬಂದಿರುತ್ತೆ, ಅದರ ಬಾಯಿಗೆ ಹಿಮ ಮುಚ್ಚಿರಬಹುದು. ಋತುವಿನ ಮೊದಲ ದಿನ ಧೂಳು ಸುಟ್ಟ ವಾಸನೆ ಬಂದು ಒಂದೆರಡು ಗಂಟೆಯಲ್ಲಿ ಹೋದರೆ ಗಾಬರಿ ಬೇಡ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ಫರ್ನೇಸ್‌ನಲ್ಲಿರೋ ಸುರಕ್ಷತಾ ಸ್ವಿಚ್ ಒಂದು ಸಲ ಕಟ್ ಆದರೆ, ಯಾಕೆ ಕಟ್ ಆಯ್ತು ಅಂತ ಗೊತ್ತಾಗದೆ ರೀಸೆಟ್ ಒತ್ತಬಾರದು. ನಮ್ಮ ಊರುಗಳಲ್ಲಿ ಫ್ಯೂಸ್ ಪದೇ ಪದೇ ಹೋದರೆ ದಪ್ಪ ತಂತಿ ಸುತ್ತಿ 'ಈಗ ಹೋಗಲ್ಲ ಬಿಡು' ಅಂತಿದ್ವಲ್ಲ, ಅದೇ ಕಥೆ. ಫ್ಯೂಸ್ ಹೋಗಿದ್ದು ತೊಂದರೆ ಅಲ್ಲ, ತೊಂದರೆ ಇದೆ ಅಂತ ಹೇಳಿದ್ದು ಫ್ಯೂಸ್.

ಗೆಳೆಯನ ಮನೆಯಲ್ಲಿ ಎರಡನೇ ಮೆಟ್ಟಿಲಿನ ಎರಡು ಲಕ್ಷಣ ಇದ್ದವು, ಮೊದಲನೆಯದರ ಒಂದು ಇತ್ತು. "ಕೋಟು ಹಾಕ್ಕೊಂಡು ಮೂವರೂ ಈಗಲೇ ಹೊರಗೆ ನಡೀರಿ, ಆಮೇಲೆ ಮಾತಾಡೋಣ" ಅಂದೆ.

ಅವನು ಯಾಕೆ ಕಾಯ್ತಿದ್ದ?

ಇವನು ದಡ್ಡ ಅಲ್ಲ. ಸಾಫ್ಟ್‌ವೇರ್ ಸಿಸ್ಟಂಗಳು ಎಲ್ಲಿ ಕುಸಿಯುತ್ತವೆ ಅಂತ ಪತ್ತೆ ಮಾಡೋದೇ ಅವನ ಕೆಲಸ. ಹಳದಿ ಉರಿ ಸರಿ ಅಲ್ಲ ಅಂತ ಗೂಗಲ್ ಮಾಡಿ ತಿಳ್ಕೊಂಡಿದ್ದ. ಆದರೂ ಸೋಮವಾರದವರೆಗೆ ಕಾಯೋಣ ಅಂತಿದ್ದ. ಯಾಕೆ?

ಅವನೇ ಆಮೇಲೆ ಪಟ್ಟಿ ಮಾಡಿದ. ವಾರಾಂತ್ಯದ ರಾತ್ರಿ ಟೆಕ್ನಿಷಿಯನ್ ಕರೆಸಿದರೆ ಬರೋ ಬಿಲ್ ತನ್ನ ತಲೆಗೇ ಬರಬಹುದು. ಮಾಲೀಕರನ್ನು ಕೇಳದೆ ಕರೆಸಿದರೆ ಅವರಿಗೆ ಸಿಟ್ಟು ಬರಬಹುದು. ಮಾರ್ಚ್‌ಗೆ ಬಾಡಿಗೆ ಕರಾರು ಮುಗಿಯುತ್ತೆ, ಮಗಳ ಶಾಲೆ ಅದೇ ಏರಿಯಾದಲ್ಲಿದೆ. ಎಚ್-1ಬಿ ವೀಸಾದಲ್ಲಿ ಇರೋನಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕೋಕೆ ಸಿಗೋದು ಹೆಚ್ಚೆಂದರೆ 60 ದಿನ, ಈ ವರ್ಷಗಳಲ್ಲಿ ಆ ಲೆಕ್ಕ ತಲೆಯಲ್ಲಿ ಸದಾ ಓಡ್ತಿರುತ್ತೆ. "ಯಾರ ಜೊತೆನೂ ಕಿರಿಕ್ ಬೇಡ ಅನ್ನೋದು ಅಭ್ಯಾಸ ಆಗ್ಬಿಟ್ಟಿದೆ ಮಾರಾಯ" ಅಂದ.

ಈ ಪಟ್ಟಿಯಲ್ಲಿ ಒಂದೂ ತಾಂತ್ರಿಕ ಕಾರಣ ಇಲ್ಲ, ನೋಡಿ. ಲಕ್ಷಣ ಗುರುತಿಸೋದು ಅವನಿಗೆ ಕಷ್ಟ ಆಗಿರಲಿಲ್ಲ. ಗುರುತಿಸಿದ್ದನ್ನು ಗಟ್ಟಿಯಾಗಿ ಹೇಳೋದು ಕಷ್ಟ ಆಗಿತ್ತು. ಒಳ್ಳೆ ಸಂಬಳದ ಇಂಜಿನಿಯರ್‌ನ ಕಥೆಯೇ ಹೀಗಾದರೆ, ದಾಖಲೆ ಇಲ್ಲದೆ ಹೋಟೆಲ್ ಅಡುಗೆಮನೆಯಲ್ಲಿ ದುಡಿಯೋ ವಲಸಿಗನ ಕಥೆ ಏನು?

ಅದಕ್ಕೆ ಉತ್ತರ 2022ರ ಜನವರಿ 9ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಕಂಡಿತು. ಟ್ವಿನ್ ಪಾರ್ಕ್ಸ್ ಅನ್ನೋ 19 ಮಹಡಿ ಕಟ್ಟಡ, ಅಲ್ಲಿದ್ದವರಲ್ಲಿ ಬಹಳ ಜನ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಿಂದ ಬಂದವರು. ಒಂದು ಮನೆಯಲ್ಲಿ ದಿನಗಟ್ಟಲೆ ಬಿಡದೆ ಉರೀತಿದ್ದ ಎಲೆಕ್ಟ್ರಿಕ್ ಹೀಟರ್‌ನಿಂದ ಬೆಂಕಿ ಹತ್ತಿತು. ತಾವಾಗೇ ಮುಚ್ಚಿಕೊಳ್ಳಬೇಕಿದ್ದ ಬಾಗಿಲುಗಳು ಮುಚ್ಚಲಿಲ್ಲ, ಹೊಗೆ ಮೆಟ್ಟಿಲ ದಾರಿಯಲ್ಲಿ ಮೇಲಿನವರೆಗೂ ಹಬ್ಬಿತು. 8 ಮಕ್ಕಳೂ ಸೇರಿ 17 ಜನ ಸತ್ತರು, ಹೊಗೆಯಿಂದ. ಕಟ್ಟಡದ ಹೀಟಿಂಗ್ ಕೆಲಸ ಮಾಡ್ತಿತ್ತು ಅಂತ ಅಧಿಕಾರಿಗಳು ಹೇಳಿದರು. ಅದು ಸಾಲ್ತಿರಲಿಲ್ಲ, ಅದಕ್ಕೇ ಹೀಟರ್ ಹಚ್ಚುತ್ತಿದ್ದೆವು ಅಂತ ನಿವಾಸಿಗಳು ಹೇಳಿದರು.

ನ್ಯೂಯಾರ್ಕ್‌ನಲ್ಲಿ ಕಾನೂನು ಇಲ್ಲ ಅಂತಲ್ಲ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಹಗಲು ಮನೆಯೊಳಗೆ ಕನಿಷ್ಠ 68 ಡಿಗ್ರಿ, ಅಂದರೆ 20 ಸೆಲ್ಸಿಯಸ್, ಇರಲೇಬೇಕು. ರಾತ್ರಿ 62. ಇಲ್ಲದಿದ್ದರೆ 311ಕ್ಕೆ ದೂರು ಕೊಡಬಹುದು. ಚಿಕಾಗೊ ನಗರದಲ್ಲೂ ಸೆಪ್ಟೆಂಬರ್ ಮಧ್ಯದಿಂದ ಜೂನ್ 1ರವರೆಗೆ ಹಗಲು 68, ರಾತ್ರಿ 66 ಅನ್ನೋ ನಿಯಮ ಇದೆ. ಬಿಸಿ ಅಲ್ಲಿ ಸೌಲಭ್ಯ ಅಲ್ಲ, ಬಾಡಿಗೆದಾರರ ಹಕ್ಕು. ಆದರೆ ದೂರು ಕೊಟ್ಟವನು ಮರುದಿನ ನೆಮ್ಮದಿಯಾಗಿ ಅದೇ ಮನೆಯಲ್ಲಿ ಇರಬಹುದು ಅನ್ನೋ ಧೈರ್ಯ ಇಲ್ಲದಿದ್ದರೆ ಹಕ್ಕು ಬರೀ ಕಾಗದದಲ್ಲಿ ಉಳಿಯುತ್ತೆ.

ವಾಸನೆ ಅನ್ನೋದೂ ಒಂದು ಕಾನೂನು

ಗ್ಯಾಸ್ ಸೋರಿದರೆ ಕೊಳೆತ ಮೊಟ್ಟೆ ವಾಸನೆ ಬರುತ್ತೆ ಅಂದೆನಲ್ಲ, ಅದು ಗ್ಯಾಸ್‌ನ ವಾಸನೆ ಅಲ್ಲ. ನೈಸರ್ಗಿಕ ಅನಿಲಕ್ಕೂ ವಾಸನೆ ಇಲ್ಲ. ಆ ವಾಸನೆಯನ್ನು ಬೇಕಂತಲೇ ಬೆರೆಸಿರ್ತಾರೆ. ಅದರ ಹಿಂದೊಂದು ಶಾಲೆ ಇದೆ.

1937ರ ಮಾರ್ಚ್ 18. ಟೆಕ್ಸಾಸ್‌ನ ನ್ಯೂ ಲಂಡನ್ ಅನ್ನೋ ಊರು. ತೈಲ ಸಿಕ್ಕಿ ಶ್ರೀಮಂತವಾದ ಪ್ರದೇಶ, ದೊಡ್ಡ ಶಾಲೆ. ಅಲ್ಲಿ ಎಲ್ಲ ಕಡೆಗೂ ಒಂದೇ ಸ್ಟೀಂ ಬಾಯ್ಲರ್ ಇಡೋ ಬದಲು ಕೋಣೆಗಳಿಗೆ ಗ್ಯಾಸ್ ಹೀಟರ್ ಇಟ್ಟಿದ್ದರು. ಖರ್ಚು ಉಳಿಸೋಕೆ ಶಾಲಾ ಮಂಡಳಿ ಗ್ಯಾಸ್ ಕಂಪನಿಯ ಕರಾರು ಕೈಬಿಟ್ಟು, ತೈಲ ಕಂಪನಿಯೊಂದರ ಉಳಿಕೆ ಅನಿಲದ ಪೈಪ್‌ಗೆ ಸಂಪರ್ಕ ಕೊಡಿಸಿತು. ಆ ಗ್ಯಾಸ್ ಸೋರಿ ಕಟ್ಟಡದ ನೆಲದಡಿಯ ಖಾಲಿ ಜಾಗದಲ್ಲಿ ತುಂಬಿಕೊಂಡಿತು. ವಾಸನೆ ಇಲ್ಲದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ವರ್ಕ್‌ಶಾಪ್‌ನ ಒಂದು ಯಂತ್ರದ ಕಿಡಿ ಸಾಕಾಯ್ತು. ಸುಮಾರು 300 ಮಕ್ಕಳು ಮತ್ತು ಶಿಕ್ಷಕರು ಸತ್ತರು.

ಅದಾದ ಮೇಲೆ ಟೆಕ್ಸಾಸ್ ಶಾಸನಸಭೆ ಗ್ಯಾಸ್‌ಗೆ ವಾಸನೆ ಬೆರೆಸೋದನ್ನು ಕಡ್ಡಾಯ ಮಾಡಿತು, ಬೇರೆಡೆಗೂ ಅದು ಹಬ್ಬಿತು. ಅದೇ ವರ್ಷ ಅದೇ ಶಾಸನಸಭೆ ಇನ್ನೊಂದು ಕಾನೂನು ಮಾಡಿತು: ಯಾರು ಇಂಜಿನಿಯರ್ ಅಂತ ಕರೆದುಕೊಳ್ಳಬಹುದು, ಯಾರಿಗೆ ಪರವಾನಗಿ ಬೇಕು ಅನ್ನೋದು. ಅಂದರೆ ನಾವು 'ಪರಿಣತರನ್ನು ಕರೆಸಿ' ಅನ್ನೋದಕ್ಕೂ, ಮೂಗಿಗೆ ಬಡಿಯೋ ಆ ಕೆಟ್ಟ ವಾಸನೆಗೂ ಒಂದೇ ದಿನದ ನೆನಪಿದೆ. ನಮ್ಮ ಅಡುಗೆಮನೆಯ ಸಿಲಿಂಡರ್‌ನಲ್ಲಿ ಬರೋ ವಾಸನೆಯೂ ಹೀಗೆ ಬೆರೆಸಿದ್ದೇ.

ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಬೆರೆಸೋಕೆ ಆಗಲ್ಲ, ಅದು ಉರಿಯಲ್ಲೇ ಹುಟ್ಟೋದು. ಅಲ್ಲಿ ವಾಸನೆಯ ಕೆಲಸ ಮಾಡೋದು ಅಲಾರಂ. ಗೆಳೆಯ ಇರೋ ಇಲಿನಾಯ್ ರಾಜ್ಯದಲ್ಲಿ 2007ರ ಜನವರಿಯಿಂದ ಮಲಗುವ ಪ್ರತಿ ಕೋಣೆಯ 15 ಅಡಿಯೊಳಗೆ ಈ ಅಲಾರಂ ಇರಬೇಕು ಅಂತ ಕಾನೂನಿದೆ. ಅವನ ಮನೆಯಲ್ಲೂ ಇತ್ತು. ಆದರೆ ಅಲಾರಂಗೆ ಆಯುಷ್ಯ ಇದೆ, ಮಾದರಿ ನೋಡಿಕೊಂಡು ಐದರಿಂದ ಹತ್ತು ವರ್ಷ. ಆಗಾಗ ಒಂದೇ ಸಲ ಚಿಕ್ ಅನ್ನೋದು 'ನನ್ನ ಬ್ಯಾಟರಿ ಮುಗೀತು' ಅಥವಾ 'ನನ್ನ ಕಾಲ ಮುಗೀತು' ಅಂತ. ನಿದ್ದೆ ಕೆಡಿಸೋ ಆ ಶಬ್ದವನ್ನು ನಾವೆಲ್ಲ ತೊಂದರೆ ಅಂತ ನೋಡ್ತೀವಿ. ಇನ್ನೊಂದು ವಿಷಯ: ಅಮೆರಿಕದ ಮಾನದಂಡದ ಪ್ರಕಾರ 70 ಪಿಪಿಎಂ ಇದ್ದಾಗ ಅಲಾರಂ ಕೂಗೋಕೆ ಒಂದರಿಂದ ನಾಲ್ಕು ಗಂಟೆ ತಗೊಳ್ಳಬಹುದು, 400 ಇದ್ದರೆ ಕಾಲು ಗಂಟೆಯೊಳಗೆ ಕೂಗಬೇಕು. ಹಾಗಾಗಿ ಅಲಾರಂ ಸುಮ್ಮನಿದೆ ಅಂದ ಮಾತ್ರಕ್ಕೆ ಗಾಳಿ ಶುದ್ಧ ಅಂತಲ್ಲ, ಮೈ ಹೇಳೋದನ್ನೂ ಕೇಳಬೇಕು.

ಬಡವರ ಫರ್ನೇಸ್ ಮತ್ತು ವಾಷಿಂಗ್ಟನ್

ಸ್ವಂತ ಮನೆ ಇದ್ದು, ಕೈಯಲ್ಲಿ ದುಡ್ಡಿಲ್ಲದವರ ಕಥೆ ಬೇರೆ. ಅವರಿಗೆ ತಡೆ ಮಾಲೀಕರಲ್ಲ, ಬಿಲ್ಲು. ಹೊಸ ಫರ್ನೇಸ್ ಅಂದರೆ ಸಾವಿರಾರು ಡಾಲರ್. ಇಂಥವರಿಗಾಗಿ ಅಮೆರಿಕದಲ್ಲಿ 1981ರಿಂದ ಕಡಿಮೆ ಆದಾಯದವರ ಇಂಧನ ನೆರವು ಯೋಜನೆ ಇದೆ. ವರ್ಷಕ್ಕೆ ಸುಮಾರು 400 ಕೋಟಿ ಡಾಲರ್, ಸುಮಾರು 60 ಲಕ್ಷ ಕುಟುಂಬಗಳು. ಹಲವು ರಾಜ್ಯಗಳಲ್ಲಿ ಅದೇ ಹಣದಲ್ಲಿ ಕೆಟ್ಟ ಫರ್ನೇಸ್‌ನ ತುರ್ತು ರಿಪೇರಿಯೂ ಆಗುತ್ತೆ.

2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಆರೋಗ್ಯ ಇಲಾಖೆಯಲ್ಲಿ ಸಾಮೂಹಿಕ ವಜಾ ಮಾಡಿದಾಗ, ವಾಷಿಂಗ್ಟನ್‌ನಲ್ಲಿ ಈ ಯೋಜನೆ ನೋಡಿಕೊಳ್ಳುತ್ತಿದ್ದ ಸಣ್ಣ ತಂಡ ಪೂರ್ತಿ ಮನೆಗೆ ಹೋಯ್ತು. ಮುಂದಿನ ವರ್ಷದ ಬಜೆಟ್ ಪ್ರಸ್ತಾವದಲ್ಲಿ ಯೋಜನೆಯನ್ನೇ ರದ್ದು ಮಾಡೋಣ ಅಂದರು. ಆ ವರ್ಷ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಸ್ಥಗಿತವಾಗಿದ್ದಾಗ ಈ ಹಣ ರಾಜ್ಯಗಳಿಗೆ ತಲುಪೋದು ತಡವಾಯ್ತು, ಸರಿಯಾಗಿ ಚಳಿ ಶುರುವಾಗೋ ಹೊತ್ತಿಗೆ. ಹಳೆ ಫರ್ನೇಸ್ ತೆಗೆದು ಹೀಟ್ ಪಂಪ್ ಹಾಕಿಸಿಕೊಳ್ಳೋರಿಗೆ ಸಿಗ್ತಿದ್ದ 2,000 ಡಾಲರ್‌ವರೆಗಿನ ತೆರಿಗೆ ವಿನಾಯಿತಿಯೂ 2025ರ ಡಿಸೆಂಬರ್ 31ಕ್ಕೆ ಮುಗೀತು.

ಇದಕ್ಕೆ ಪ್ರತಿವಾದ ಇಲ್ಲದೆ ಇಲ್ಲ. ನಿಯಮ ಹೆಚ್ಚಾದಷ್ಟೂ ಬಾಡಿಗೆ ಹೆಚ್ಚಾಗುತ್ತೆ, ಭಯ ಹುಟ್ಟಿಸಿ ದುಡ್ಡು ಮಾಡೋರು ಹೆಚ್ಚಾಗ್ತಾರೆ ಅಂತಾರೆ. ಎರಡನೇ ಮಾತಿನಲ್ಲಿ ಸತ್ಯ ಇದೆ. 'ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ, ಹೊಸದೇ ಬೇಕು' ಅಂತ ಸುಳ್ಳು ಹೇಳಿ ಮಾರೋ ಮಾರಾಟಗಾರರು ಅಲ್ಲಿ ಕುಖ್ಯಾತರು. ಅದಕ್ಕೆ ಮದ್ದೂ ಇದೆ: ಬಿರುಕಿನ ಫೋಟೊ ಕೇಳಿ, ಹೊಗೆಯ ಅಳತೆ ಎಷ್ಟು ಬಂತು ಅಂತ ಬರೆಸಿಕೊಳ್ಳಿ, ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ಅಷ್ಟರವರೆಗೆ ಫರ್ನೇಸ್ ಆರಿರಲಿ. ಮೋಸ ಮಾಡೋ ಮೆಕ್ಯಾನಿಕ್ ಇದ್ದಾನೆ ಅನ್ನೋದು ಪರವಾನಗಿ, ತಪಾಸಣೆ ಜಾಸ್ತಿ ಬೇಕು ಅನ್ನೋದಕ್ಕೆ ಕಾರಣ ಆಗಬೇಕೇ ಹೊರತು ಕಡಿಮೆ ಸಾಕು ಅನ್ನೋದಕ್ಕಲ್ಲ.

ಇನ್ನು ನಿಯಮ ಸಡಿಲ ಬಿಟ್ಟರೆ ಉಳಿತಾಯ ಅನ್ನೋದಕ್ಕೆ 2021ರ ಫೆಬ್ರವರಿಯ ಟೆಕ್ಸಾಸ್ ನೋಡಿ. ಚಳಿಗೆ ತಕ್ಕಂತೆ ಸಿದ್ಧ ಮಾಡದ ವಿದ್ಯುತ್ ಮತ್ತು ಅನಿಲ ವ್ಯವಸ್ಥೆ ಹಿಮಗಾಳಿಗೆ ಕುಸಿಯಿತು. ಗ್ಯಾಸ್ ಫರ್ನೇಸ್‌ನ ಬ್ಲೋಯರ್‌ಗೂ ಕರೆಂಟ್ ಬೇಕಲ್ಲ, ಅವೂ ನಿಂತವು. ಜನ ಗ್ಯಾರೇಜ್‌ನಲ್ಲಿ ಕಾರು ಚಾಲೂ ಮಾಡಿ ಕೂತರು, ಇದ್ದಿಲ ಒಲೆಯನ್ನು ಮನೆಯೊಳಗೆ ತಂದರು. ಅಧಿಕೃತ ಲೆಕ್ಕದಲ್ಲೇ 246 ಸಾವು. ಹೆಚ್ಚಿನವರು ಚಳಿಗೆ ಸತ್ತರು, ಕೆಲವರು ಇದೇ ಕಾರ್ಬನ್ ಮಾನಾಕ್ಸೈಡ್‌ಗೆ.

ನಮ್ಮ ಬಾತ್‌ರೂಮ್‌ನ ಫರ್ನೇಸ್

ನಮಗ್ಯಾಕೆ ಈ ಉಸಾಬರಿ, ನಮ್ಮಲ್ಲಿ ಫರ್ನೇಸೇ ಇಲ್ವಲ್ಲ ಅಂತೀರಾ? ಇದೆ. ಅದರ ಹೆಸರು ಗ್ಯಾಸ್ ಗೀಸರ್. ಹೋಲಿಕೆ ಸುಮ್ಮನೆ ಎಳೆದು ತಂದದ್ದಲ್ಲ, ಎರಡರಲ್ಲೂ ಇರೋದು ಅದೇ ಉರಿ, ಅದೇ ಅನಿಲ. ಆದರೆ ಫರ್ನೇಸ್‌ಗೆ ಹೊಗೆ ಕೊಳವೆ ಇದೆ, ಸೆನ್ಸರ್‌ಗಳ ಸಾಲೇ ಇದೆ. ನಮ್ಮಲ್ಲಿ ಎಷ್ಟೋ ಕಡೆ ಹೊಗೆ ಕೊಳವೆಯೇ ಇಲ್ಲದ ಗೀಸರನ್ನು ನಾಲ್ಕಡಿ ಆರಡಿ ಬಾತ್‌ರೂಮ್ ಒಳಗೇ ನೇತುಹಾಕ್ತಾರೆ. ಚಳಿ ಅಂತ ಕಿಟಕಿ ಮುಚ್ಚಿರುತ್ತೆ, ಬಾಗಿಲಿಗೆ ಒಳಗಿನಿಂದ ಚಿಲಕ. ಉರಿ ಕೋಣೆಯ ಆಮ್ಲಜನಕ ತಿಂತಾ ಹೋಗುತ್ತೆ, ಕೊನೆಗೆ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತೆ.

ಪ್ರತಿ ಚಳಿಗಾಲ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಈ ಸುದ್ದಿ ಬರುತ್ತೆ. ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಬಿದ್ದಿದ್ದರು ಅಂತ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿಕೊಂಡು ಮಲಗಿದ ಕೂಲಿ ಹುಡುಗರು ಏಳಲಿಲ್ಲ ಅನ್ನೋ ಸುದ್ದಿಯೂ ಬರುತ್ತೆ. 'ಗ್ಯಾಸ್ ಗೀಸರ್ ಸಿಂಡ್ರೋಮ್' ಅನ್ನೋ ಹೆಸರೇ ನಮ್ಮ ದೇಶದ ವೈದ್ಯಕೀಯ ಬರಹಗಳಲ್ಲಿ ಬಂದುಬಿಟ್ಟಿದೆ. ಬಾತ್‌ರೂಮಲ್ಲಿ ಕುಸಿದುಬಿದ್ದವರಿಗೆ ಫಿಟ್ಸ್ ಅಂತ ತಪ್ಪು ತಿಳಿದುಕೊಂಡಿದ್ದೂ ಇದೆ.

ಇಲ್ಲಿನ ಲಕ್ಷಣಗಳೂ ಅವೇ. ಗೀಸರ್ ಉರಿ ಹಳದಿಯಾಗಿದ್ದರೆ, ಪೆಟ್ಟಿಗೆಗೆ ಮಸಿ ಹಿಡಿದಿದ್ದರೆ, ಸ್ನಾನ ಮಾಡುವಾಗ ತಲೆಸುತ್ತು ಬಂದು ಹೊರಗೆ ಬಂದ ಮೇಲೆ ಸರಿಹೋದರೆ, ಆ ದಿನವೇ ಅದನ್ನು ಬಂದ್ ಮಾಡಿ. ಗೀಸರ್ ಮತ್ತು ಸಿಲಿಂಡರ್ ಎರಡೂ ಬಾತ್‌ರೂಮಿನ ಹೊರಗೆ, ಗಾಳಿಯಾಡೋ ಜಾಗದಲ್ಲಿ ಇರಬೇಕು, ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಮಾತ್ರ. ಸಿಲಿಂಡರ್ ಗ್ಯಾಸ್ ಸೋರಿದ ವಾಸನೆ ಬಂದರೆ 1906 ಸಹಾಯವಾಣಿ ಇದೆ. ಆದರೆ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದನ್ನು ಮರೀಬೇಡಿ.

ನೀವಿರೋ ಪಿಜಿಯ, ಬಾಡಿಗೆ ಮನೆಯ ಕರಾರುಪತ್ರ ತೆಗೆದು ನೋಡಿ. ಪೇಂಟಿಂಗ್‌ಗೆ ಎಷ್ಟು ಹಿಡ್ಕೋತಾರೆ, ಗೋಡೆಗೆ ಮೊಳೆ ಹೊಡೀಬಾರದು, ರಾತ್ರಿ ಎಷ್ಟು ಗಂಟೆಗೆ ಗೇಟ್ ಹಾಕ್ತಾರೆ ಎಲ್ಲ ಇರುತ್ತೆ. ಗೀಸರನ್ನು ಎಲ್ಲಿ ಹಾಕಿದ್ದಾರೆ, ಕೊನೆ ಸಲ ಯಾರು ಸರ್ವಿಸ್ ಮಾಡಿದ್ದು, ಬಾತ್‌ರೂಮ್‌ಗೆ ವೆಂಟಿಲೇಟರ್ ಇದೆಯಾ ಅನ್ನೋದು ಇರಲ್ಲ. ಒಬ್ಬರು ಸತ್ತಾಗ ಅದು 'ಆಕಸ್ಮಿಕ'. ಅಮೆರಿಕದಲ್ಲಿ ಕಾನೂನಿದ್ದೂ ಹೇಳೋಕೆ ಧೈರ್ಯ ಸಾಲಲ್ಲ. ನಮ್ಮಲ್ಲಿ ಏನಂತ ಹೇಳಬೇಕು ಅನ್ನೋದಕ್ಕೇ ಒಂದು ಸಾಲು ಇಲ್ಲ. ಸಾವಿರಾರು ವಿದ್ಯಾರ್ಥಿಗಳು ಪಿಜಿಗಳಲ್ಲಿರೋ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಪಿಜಿಗೆ ಪರವಾನಗಿ ಕೊಡುವಾಗ 'ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗಿಲ್ಲ' ಅನ್ನೋ ಒಂದು ತಪಾಸಣೆ ಸೇರಿಸೋಕೆ ಪಾಲಿಕೆಗಳಿಗೆ ದೊಡ್ಡ ಬಜೆಟ್ ಬೇಕಿಲ್ಲ. ವಿದ್ಯಾರ್ಥಿ ಸಂಘಟನೆಗಳು ಶುಲ್ಕದ ಬಗ್ಗೆ ಹೋರಾಡ್ತವೆ, ಒಳ್ಳೇದೇ. ಜೊತೆಗೆ ಇದನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ.

ಸೋಮವಾರ ಏನಾಯ್ತು

ಗೆಳೆಯ ಕಾರಲ್ಲಿ ಕೂತು 911ಕ್ಕೆ ಫೋನ್ ಮಾಡಿದ. ಅಗ್ನಿಶಾಮಕದವರು ಹತ್ತು ನಿಮಿಷದಲ್ಲಿ ಬಂದು ಅಳತೆ ಮಾಡಿದರು. ನೆಲಮಾಳಿಗೆಯಲ್ಲಿ ಅಪಾಯದ ಮಟ್ಟ, ಮಲಗೋ ಕೋಣೆಯಲ್ಲಿ ಅದಕ್ಕಿಂತ ಕಡಿಮೆ, ಆದರೆ ಇತ್ತು. ಗ್ಯಾಸ್ ಸರಬರಾಜಿನವರು ಬಂದು ಫರ್ನೇಸ್‌ಗೆ ಹೋಗೋ ಗ್ಯಾಸ್ ಬಂದ್ ಮಾಡಿ ಕೆಂಪು ಚೀಟಿ ಕಟ್ಟಿದರು. ಇಬ್ಬರೂ ಒಂದು ಡಾಲರ್ ಕೇಳಲಿಲ್ಲ. ಬಿಲ್ಲಿಗೆ ಹೆದರಿ ಅವನು ಕಾದಿದ್ದ ಫೋನ್ ಕಾಲ್ ಪುಕ್ಕಟೆ ಆಗಿತ್ತು. ತಾಯಿ ಮಗಳು ಆ ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕ ತಗೊಂಡು ಮರುದಿನ ಹೊರಗೆ ಬಂದರು. ಮಾರನೇ ದಿನ ಬಂದ ಟೆಕ್ನಿಷಿಯನ್ ತೆಗೆದ ಫೋಟೊ ನನಗೂ ಕಳಿಸಿದ್ದ, ತಗಡಿನ ಬಾಗಿನಲ್ಲಿ ಬೆರಳುದ್ದದ ಬಿರುಕು.

ಸೋಮವಾರ ಮಾಲೀಕರು ಹೊಸ ಫರ್ನೇಸ್‌ಗೆ ಒಪ್ಪಿದರು. ಹೋಟೆಲ್‌ನಲ್ಲಿ ಕಳೆದ ನಾಲ್ಕು ರಾತ್ರಿಯ ಖರ್ಚಿನ ಬಗ್ಗೆ ಇನ್ನೂ ಇಮೇಲ್ ಓಡಾಡ್ತಿವೆ. ಈ ಸಲ ಗೆಳೆಯ ಕಿರಿಕ್ ಮಾಡ್ಕೊಳ್ತಿದ್ದಾನೆ, ಪ್ರತಿ ಮೆಸೇಜ್ ತಾರೀಖು ಸಮೇತ ಜೋಡಿಸಿಟ್ಟಿದ್ದಾನೆ.

ಆ ಶುಕ್ರವಾರ ಫೋನ್ ಇಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಹಾಸನದಲ್ಲಿರೋ ಅಮ್ಮನಿಗೆ ಫೋನ್ ಮಾಡಿ, ಬಾತ್‌ರೂಮಲ್ಲಿ ಹತ್ತು ವರ್ಷದಿಂದ ನೇತಾಡ್ತಿರೋ ಗೀಸರ್‌ನ ಉರಿ ಯಾವ ಬಣ್ಣ ಇದೆ ನೋಡಮ್ಮ ಅಂದೆ. ಈ ಲೇಖನ ಓದಿ ಮುಗಿಸಿದ ನೀವೂ ಒಂದು ಸಲ ಎದ್ದು ನೋಡಿ. ನಿಮ್ಮದು ಬಾಡಿಗೆ ಮನೆಯಾಗಿದ್ದರೆ, ನೋಡಿದ್ದನ್ನು ಮಾಲೀಕರಿಗೆ ಬರವಣಿಗೆಯಲ್ಲಿ ಹೇಳಿ.